ಬಿಟ್ಟಿ ಬಸ್ಸಿನ ಊರಿಗೆ ಬಾ

ಮಕಾವ್,
ಕೆಂಪು ಮಾರುಕಟ್ಟೆಯ ಹಿಂದಿನ ಓಣಿ
ಸೆಪ್ಟೆಂಬರ್ 2, 2013

ಪ್ರೀತಿಯ ತಂಗಿ ಯೂಕ್-ಹಿಂಗ್‌ಗೆ,

ನಿನ್ನ ಅಕ್ಕ ಚೊಯ್-ಹಾಳ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ನನ್ನ ಮಾತು ಕೇಳುತ್ತಿಲ್ಲ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲ ಅಂತ ನನ್ನನ್ನು ಬೈದುಕೊಂಡಿರುತ್ತೀಯ, ಬೈದುಕೋ, ತಪ್ಪು ನನ್ನದೇ. ಫೋನು ಮಾಡೋಣ ಅಂದರೆ ನಿನ್ನ ಕಿವಿಯ ಕಥೆ ಗೊತ್ತೇ ಇದೆಯಲ್ಲ. ಹೋದ ಸಲ ನಾನು ಕಿರುಚಿದ್ದು ಕೆಳಗಿನ ಮೀನಂಗಡಿಯವನಿಗೆ ಕೇಳಿಸಿತು, ನಿನಗೆ ಕೇಳಿಸಲಿಲ್ಲ. ಅದಕ್ಕೇ ದಪ್ಪ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಗೊತ್ತಾಗದ ಕಡೆ ಊಹಿಸಿಕೋ, ನಾನೂ ನಿನ್ನ ಕಾಗದವನ್ನು ಹಾಗೇ ಓದುವುದು.

ಅಂತೂ ಗಡಿ ದಾಟಿ ಇಲ್ಲಿಗೆ ಬರಲು ಪರವಾನಗಿ ಸಿಕ್ಕಿತಲ್ಲೇ! ಏಳು ದಿನ! ಆ ಸಾಲು ಓದಿದವಳೇ ಚಪ್ಪಲಿ ಕೂಡ ಹಾಕಿಕೊಳ್ಳದೆ ಪಕ್ಕದ ಮನೆಯ ಫಾಂಗಳ ಬಾಗಿಲು ಬಡಿದೆ. ಫಾಂಗ್ ಗೊತ್ತಲ್ಲ, ನನ್ನ ಹಾಗೇ ಗಂಡ ಸತ್ತವಳು, ನನಗಿಂತ ಬಾಯಿ ಜೋರು. "ಏನೇ, ಲಾಟರಿ ಹೊಡೀತಾ?" ಅಂದಳು. "ಹೂಂ ಕಣೇ, ನನ್ನ ತಂಗಿ ಬರ್ತಾ ಇದ್ದಾಳೆ" ಅಂದೆ. ಅವಳು ನನ್ನ ಬರಿಗಾಲು ನೋಡಿ, "ಇನ್ನೂ ಬಂದಿಲ್ಲ, ಆಗಲೇ ಭಿಕ್ಷುಕಿ ಆಗಿಬಿಟ್ಟೆ" ಅಂದಳು.

ನೀನು ಬರೆದಿದ್ದೀಯ, ಅಲ್ಲಿ ದೀಪಗಳಂತೆ, ನೀರು ಕುಣಿಯುತ್ತದಂತೆ, ಒಂದು ಸಲ ನೋಡಬೇಕು ಅಂತ. ಸುಳ್ಳಿ! ಮೂವತ್ತು ವರ್ಷ ನಾನು ಕರೆದೆ, ಜೂಜುಕೋರರ ಊರಿಗೆ ಕಾಲಿಡುವುದಿಲ್ಲ ಅಂತ ನೀನು ಅಂದೆ. ಈಗ ಇದ್ದಕ್ಕಿದ್ದ ಹಾಗೆ ದೀಪದ ಆಸೆ ಹುಟ್ಟಿತೋ? ನೀನು ಯಾರನ್ನು ನೋಡಲು ಬರುತ್ತಿದ್ದೀಯ ಅಂತ ನನಗೆ ಗೊತ್ತು. ಮನೆಗೆ ಮಾಳಿಗೆ ಕಟ್ಟಲು ಕೂಡಿಟ್ಟಿದ್ದನ್ನು ತೆಗೆದುಕೊಂಡು ನಿನ್ನ ಮಗ ಆ-ಶಿಂಗ್ ಈ ಗಡಿ ದಾಟಿದ, ಅದಾದ ಮೇಲೆ ಎರಡು ಹೊಸವರ್ಷಕ್ಕೂ ಮನೆಗೆ ಬರಲಿಲ್ಲ. ಕಾಗದದಲ್ಲಿ ಅವನ ಹೆಸರನ್ನೇ ನೀನು ಎತ್ತಿಲ್ಲ. ಆಗಲಿ, ನನ್ನ ಸಹಿ ಬೀಳುವವರೆಗೆ ನಾನೂ ಎತ್ತುವುದಿಲ್ಲ. ಮೊದಲು ನೀನು ಬರುವ ವಿಷಯ. ಕಾಲು ಊದಿಸಿಕೊಂಡು, ಹೊಟ್ಟೆ ಹಸಿದುಕೊಂಡು ಬಿದ್ದಿರುವವಳು ಯಾರನ್ನು ತಾನೇ ಹುಡುಕುತ್ತಾಳೆ? ಆದ್ದರಿಂದ ಈಗ ಬಾಯಿ ಮುಚ್ಚಿಕೊಂಡು ಓದು.

ಅಕ್ಕಿ ತರಬೇಡ. "ಅಲ್ಲಿ ನೀರಿಗೂ ಚಿನ್ನದ ಬೆಲೆಯಂತೆ, ಒಂದು ಕ್ಯಾನು ತುಂಬಿಸಿಕೊಂಡು ಬರಲಾ" ಅಂತ ಕೇಳಿದ್ದೀಯಲ್ಲ, ಅದನ್ನು ಓದಿ ಫಾಂಗ್ ಎರಡು ದಿನ ನಕ್ಕಳು. ಒಣಗಿಸಿದ ಸಾಸಿವೆಸೊಪ್ಪು ತಾ, ಅಷ್ಟು ಸಾಕು. ಹತ್ತಿ ತುಂಬಿದ ನಿನ್ನ ಕೋಟನ್ನು ಮಾತ್ರ ಮರೆಯಬೇಡ. ಸೆಕೆಯಲ್ಲಿ ಕೋಟೇಕೆ ಅನ್ನಬೇಡ. ಇಲ್ಲಿನ ಹೋಟೆಲುಗಳ ಒಳಗೆ ಹೆಣ ಇಟ್ಟರೂ ಕೆಡುವುದಿಲ್ಲ, ಅಷ್ಟು ಚಳಿ.

ಗಡಿ ದಾಟಿ ಹೊರಗೆ ಬಂದ ಕೂಡಲೇ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. ನಿನಗೆ ಕಿವಿ ಕೇಳದಿರುವುದು ಅಲ್ಲಿ ಉಪಯೋಗಕ್ಕೆ ಬರುತ್ತದೆ. ನೇರವಾಗಿ ನಡೆ. ಬಣ್ಣಬಣ್ಣದ ದೊಡ್ಡ ಬಸ್ಸುಗಳು ಸಾಲಾಗಿ ನಿಂತಿರುತ್ತವೆ, ಎಲ್ಲ ಜೂಜಿನ ಹೋಟೆಲುಗಳವು, ಎಲ್ಲ ಬಿಟ್ಟಿ. ಟಿಕೆಟ್ಟಿಲ್ಲ, ಕಂಡಕ್ಟರಿಲ್ಲ, ಮೆತ್ತನೆ ಸೀಟು. ನಾವು ಬಂದು ಆಡಿ ಸೋಲಲಿ ಅಂತ ಅವರು ಬಸ್ಸು ಬಿಡುತ್ತಾರೆ, ನಾವು ಅದರಲ್ಲಿ ಕೂತು ಸಂತೆಗೆ ಹೋಗುತ್ತೇವೆ. ಮೊನ್ನೆ ಫಾಂಗ್ ಜೀವಂತ ಏಡಿಗಳ ಚೀಲ ಹಿಡಿದುಕೊಂಡು ಹತ್ತಿದಳು. ಡ್ರೈವರ್ ತಿರುಗಿ ನೋಡಿ, "ಅಜ್ಜೀ, ಈ ಏಡಿಗಳೂ ಆಡ್ತಾವಾ?" ಅಂದ. "ನಿನಗಿಂತ ಚೆನ್ನಾಗಿ ಆಡ್ತವೆ, ಗಾಡಿ ಬಿಡು" ಅಂದಳು ಇವಳು. ಇಡೀ ಬಸ್ಸು ನಕ್ಕಿತು. ನೀನು ಮಾತ್ರ ಚೀಲಗೀಲ ಹಿಡಿಯಬೇಡ. ತಲೆ ಬಾಚಿಕೊಂಡು, ತುಟಿಗೆ ಒಂದಿಷ್ಟು ಬಣ್ಣ ಹಚ್ಚಿಕೊಂಡು, ಗಂಡ ಬಿಟ್ಟುಹೋದ ಆಸ್ತಿ ಕಳೆಯಲು ಬಂದವಳ ಹಾಗೆ ಹತ್ತು.

ಹೋಟೆಲಿನ ಹೆಬ್ಬಾಗಿಲು ಯಾವಾಗಲೂ ಖಾಲಿ ಇರುತ್ತದೆ. ಹೆದರಬೇಡ. ಹೆಬ್ಬಾಗಿಲಿನಲ್ಲಿ ಹೋದರೆ ಹುಲಿಯ ಬಾಯಿಗೆ ಹೋದ ಹಾಗೆ ಅಂತ ಆಡುವವರೆಲ್ಲ ಪಕ್ಕದ ಸಣ್ಣ ಬಾಗಿಲಲ್ಲಿ ನುಸುಳುತ್ತಾರೆ. ನಮ್ಮಲ್ಲಿ ಹುಲಿ ನುಂಗುವಂಥದ್ದು ಏನಿದೆ, ನನ್ನ ಹಲ್ಲಿನ ಸೆಟ್ಟೇ? ರಾಣಿಯರ ಹಾಗೆ ಮುಂದಿನಿಂದಲೇ ಹೋಗೋಣ. ಒಳಗೆ ಸೋಫಾಗಳಿವೆ. ಕಾವಲಿನವನು ಬಂದು ಯಾರು ನೀವು ಅಂದರೆ "ನನ್ನ ಗಂಡ ಒಳಗೆ ಆಡ್ತಾ ಇದ್ದಾನೆ" ಅಂತ ಹೇಳಿ ಒಂದು ನಿಟ್ಟುಸಿರು ಬಿಡು, ಸಾಕು. ಪಾಪ ಅಂತ ನೀರಿನ ಬಾಟಲಿಯನ್ನೂ ತಂದುಕೊಡುತ್ತಾನೆ. ನನ್ನವರು ಬದುಕಿದ್ದಾಗ ಒಂದು ದಿನವೂ ಇಸ್ಪೀಟು ಮುಟ್ಟಿದವರಲ್ಲ. ತೀರಿಕೊಂಡ ಮೇಲೆ ಈ ಊರಿನ ಎಲ್ಲ ಹೋಟೆಲುಗಳಲ್ಲೂ ಆಡುತ್ತಿದ್ದಾರೆ. ಅಲ್ಲಿನ ಕಕ್ಕಸುಮನೆಯನ್ನಂತೂ ನೋಡಲೇಬೇಕು ಕಣೇ, ನಮ್ಮ ಊರಿನ ದೇವರಮನೆಗೂ ಅಷ್ಟು ಪರಿಮಳವಿಲ್ಲ.

ಜೂಜಿನ ಮೇಜುಗಳ ನಡುವೆ ಹುಡುಗಿಯರು ತಳ್ಳುಗಾಡಿಯಲ್ಲಿ ಹಾಲು ಹಾಕಿದ ಟೀ ತರುತ್ತಾರೆ, ಅದೂ ಬಿಟ್ಟಿ. ಮೇಜು ಕಣ್ಣಿಗೆ ಬೀಳಬಾರದು ಅಂತ ನೀನು ಶಪಥ ಮಾಡಿದ್ದೀಯಂತೆ. ಸರಿ, ಟೀ ನೋಡು. ಒಂದು ಎಚ್ಚರ, ನನ್ನ ಮೊಮ್ಮಗಳು ಮೇಯ್-ಯಾನ್ ಇಸ್ಪೀಟೆಲೆ ಹಂಚುವ ಕೆಲಸದಲ್ಲಿರುವ ಹೋಟೆಲಿಗೆ ಮಾತ್ರ ಹೋಗುವ ಹಾಗಿಲ್ಲ. ಅವಳು ಮನೆಗೆ ಬಂದು ಹಾರಾಡಿದಳು. "ಅಜ್ಜೀ, ನಮ್ಮ ಮೇಲಿನವರು ಕ್ಯಾಮೆರಾದಲ್ಲಿ ನಿನ್ನನ್ನ ತೋರಿಸಿ, ಯಾರೀ ಮುದುಕಿ, ಒಂದು ಆಟಾನೂ ಆಡದೆ ಲೋಟದ ಮೇಲೆ ಲೋಟ ಟೀ ಕುಡೀತಾಳೆ ಅಂತ ಕೇಳಿದ್ರು. ಗೊತ್ತಿಲ್ಲ ಅಂದುಬಿಟ್ಟೆ."

"ಒಳ್ಳೇದೇ ಆಯ್ತು. ನನ್ನನ್ನ ಕೇಳಿದ್ರೆ ನನಗೂ ನಿನ್ನ ಗುರುತಿಲ್ಲ ಅಂತೀನಿ" ಅಂದೆ.

ಮಧ್ಯಾಹ್ನದ ಊಟಕ್ಕೆ ಒಂದು ಚಿಕ್ಕಾಸು ಬಿಚ್ಚಬೇಡ. ಮುರಿದ ಇಗರ್ಜಿಗೆ ಹೋಗುವ ಬೀದಿಯ ಎರಡೂ ಕಡೆ ಬಾದಾಮಿ ಬಿಸ್ಕತ್ತಿನ ಅಂಗಡಿಗಳು, ಸಿಹಿ ಸವರಿ ಸುಟ್ಟ ಹಂದಿಮಾಂಸದ ಅಂಗಡಿಗಳು. ರುಚಿ ನೋಡಿ, ರುಚಿ ನೋಡಿ ಅಂತ ಬಾಯಿಗೇ ಇಡುತ್ತಾರೆ. ಹತ್ತುವಾಗ ಒಂದು ಕಡೆಯ ಅಂಗಡಿಗಳು, ಇಳಿಯುವಾಗ ಇನ್ನೊಂದು ಕಡೆಯವು. ಒಬ್ಬ ಹುಡುಗಿ ಕತ್ತರಿ ಹಿಡಿದುಕೊಂಡು, "ಅಜ್ಜೀ, ನಿನ್ನೇನೂ ಬಂದಿದ್ರಲ್ಲಾ?" ಅಂದಳು. "ನಿನ್ನೆ ಹಲ್ಲು ಮನೇಲಿ ಬಿಟ್ಟು ಬಂದಿದ್ದೆ, ರುಚಿ ಹತ್ತಲಿಲ್ಲ" ಅಂದೆ. ದೊಡ್ಡ ತುಂಡೇ ಕತ್ತರಿಸಿದಳು. ಮೇಲೆ ಹೋದರೆ ಇಗರ್ಜಿಯ ಮುಂದಿನ ಗೋಡೆಯೊಂದೇ ಉಳಿದಿದೆ, ಉಳಿದದ್ದೆಲ್ಲ ಯಾವ ಕಾಲದಲ್ಲೋ ಸುಟ್ಟುಹೋಯಿತು. ಒಂದು ಗೋಡೆ ನೋಡುವುದಕ್ಕೆ ಇಷ್ಟು ಜನವೇ ಅಂತ ನೀನು ಮೂತಿ ತಿರುಗಿಸುತ್ತೀಯ, ಗೊತ್ತು. ಮೆಟ್ಟಿಲ ಮೇಲೆ ಕೂತು ಗೋಡೆಗೆ ಬೆನ್ನು ಹಾಕಿ ಜನರನ್ನು ನೋಡು. ಅದಕ್ಕಿಂತ ಒಳ್ಳೆಯ ನಾಟಕ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಇನ್ನೊಂದು ಹೋಟೆಲಿನ ಒಳಗೆ ಕಾಲುವೆ ತೋಡಿದ್ದಾರೆ, ಚಾವಣಿಗೆ ಆಕಾಶ ಬರೆದಿದ್ದಾರೆ. ಅಲ್ಲಿ ಎಷ್ಟು ಹೊತ್ತಿಗೆ ಹೋದರೂ ಸಂಜೆಯೇ. ದೋಣಿಗೆ ದುಡ್ಡು ಕೊಡಬೇಕು, ಸೇತುವೆಯ ಮೇಲೆ ನಿಲ್ಲುವುದಕ್ಕೆ ಕೊಡಬೇಕಿಲ್ಲ. ಬೆಳಿಗ್ಗೆ ಬೇಗ ಎದ್ದರೆ ಸಮುದ್ರದಮ್ಮನ ಗುಡಿ. ಊದುಬತ್ತಿ ಮನೆಯಿಂದಲೇ ಒಯ್ಯೋಣ, ಗುಡಿಯ ಬಾಗಿಲಲ್ಲಿ ಮಾರುವವರು ದೇವರ ಹೆಸರಿನಲ್ಲಿ ಸುಲಿಯುತ್ತಾರೆ. ನಡುಶರತ್ಕಾಲದ ಹಬ್ಬ ಮುಗಿಯುವ ಮೊದಲೇ ನೀನು ಬಂದರೆ ಕೆರೆಯ ದಂಡೆಯಲ್ಲಿ ಬಾಣಬಿರುಸು. ದೇಶದೇಶದವರು ಪೈಪೋಟಿಗೆ ಬಿದ್ದು ತಮ್ಮ ದುಡ್ಡು ಸುಡುತ್ತಾರೆ, ನಾವು ಕಡಲೆಕಾಯಿ ತಿನ್ನುತ್ತ ನೋಡುತ್ತೇವೆ.

ಎಲ್ಲಕ್ಕಿಂತ ಚೆಂದ ಕುಣಿಯುವ ನೀರು. ಹೋಟೆಲಿನ ಮುಂದೆ ದೊಡ್ಡ ಕೊಳ, ಸುತ್ತ ಕಂಬಿ. ಹಾಡು ಶುರುವಾದರೆ ನೀರು ನೆಟ್ಟಗೆ ಎದ್ದು ನಿಂತು ಬಳುಕುತ್ತದೆ ಕಣೇ, ನಡುವೆ ಬೆಂಕಿಯೂ ಉಗುಳುತ್ತದೆ! ಇಷ್ಟು ವರ್ಷವಾದರೂ ನನಗೆ ಎದೆ ಝಲ್ ಅನ್ನುತ್ತದೆ. ನೀನು ಬಂದ ದಿನ ಸಂಜೆ ಮೊದಲು ಅಲ್ಲಿಗೇ. ಬೇರೆಲ್ಲ ಆಮೇಲೆ. ಗಾಳಿ ಬೀಸಿದರೆ ತುಂತುರು ಮೈಮೇಲೆ ಬೀಳುತ್ತದೆ, ಅದಕ್ಕೂ ದುಡ್ಡಿಲ್ಲ.

ನನ್ನ ಹಾಸಿಗೆಯಲ್ಲಿ ನಿನಗೆ ಜಾಗ ಮಾಡಿದ್ದೇನೆ. ಚಿಕ್ಕವಳಾಗಿದ್ದಾಗ ಒದ್ದ ಹಾಗೆ ಒದ್ದರೆ ನೆಲಕ್ಕೆ ತಳ್ಳುತ್ತೇನೆ. ದಾರಿಯಲ್ಲಿ ಕಾಲು ನೋಡಿಕೊಂಡು ನಡೆ, ಅಪರಿಚಿತರು ಕೊಟ್ಟದ್ದು ತಿನ್ನಬೇಡ. ಸಮುದ್ರದಮ್ಮ ನಿನ್ನನ್ನು ಸುಖವಾಗಿ ನನ್ನ ಬಾಗಿಲಿಗೆ ಮುಟ್ಟಿಸಲಿ, ನಿನ್ನ ಆಯಸ್ಸು ಗಟ್ಟಿಯಾಗಿರಲಿ, ನಾಲಗೆ ಮಾತ್ರ ನನ್ನದಕ್ಕಿಂತ ಗಿಡ್ಡವಾಗಿರಲಿ.

ದಾರಿ ಕಾಯುತ್ತಿರುವ ನಿನ್ನ ಅಕ್ಕ,
ಚೊಯ್-ಹಾ

ಮರೆತದ್ದು: ಸಹಿ ಬಿತ್ತು. ಇನ್ನು ಆ-ಶಿಂಗನ ಮಾತು. ನಿಂತಿದ್ದರೆ ಕೂತುಕೋ. ಬದುಕಿದ್ದಾನೆ.

ನಿನ್ನ ಕಾಗದ ಬಂದ ಮಾರನೆಯ ದಿನ ಟೀ ಕುಡಿಯಲು ಹೋಗಿದ್ದೆ. ತಳ್ಳುಗಾಡಿಗೆ ಅಡ್ಡವಾಗಿ ಒಬ್ಬ ನಿಂತಿದ್ದ. ಸ್ವಲ್ಪ ಸರಿಯಪ್ಪ ಅಂತ ಹಿಂದಿನಿಂದ ಹೆಗಲು ತಟ್ಟಿದೆ. ಆಟದ ಮೇಜಿನ ಹತ್ತಿರ ಇದ್ದವನ ಹೆಗಲು ಮುಟ್ಟಬಾರದು, ಮುಟ್ಟಿದರೆ ಅವನ ಅದೃಷ್ಟ ಉದುರಿಹೋಗುತ್ತದೆ ಅಂತ ಈ ಊರಿನ ಕೂಸಿಗೂ ಗೊತ್ತು. ನನಗೆ ಟೀ ಧ್ಯಾನ. ಮೇಜಿನ ಸುತ್ತ ಕೂತವರೆಲ್ಲ ಹೋ ಅಂತ ಕೂಗಿದರು. ಅವನು ಹಾವು ತುಳಿದವನ ಹಾಗೆ ನೆಗೆದು, "ಯಾವಳೇ ನೀನು ಮುದುಕಿ, ನನ್ನ ಹೊಟ್ಟೆಗೆ ಕಲ್ಲು ಹಾಕ್ತೀಯಲ್ಲೇ!" ಅಂತ ತಿರುಗಿದ. ತಿರುಗಿದವನ ಮುಖದಲ್ಲಿ ನಮ್ಮ ಅಪ್ಪನ ಮೂಗು ಇತ್ತು.

"ದೊಡ್ಡಮ್ಮಾ" ಅಂದ. ಅಷ್ಟೇ. ಓಡಲು ನೋಡಿದ. ನಾನು ತೋಳು ಬಿಡಲಿಲ್ಲ.

ಅವನು ಆಡುತ್ತಿರಲಿಲ್ಲ ಯೂಕ್-ಹಿಂಗ್, ಆಡಲು ಅವನ ಹತ್ತಿರ ಏನೂ ಇಲ್ಲ. ಗೆಲ್ಲುವವರ ಕುರ್ಚಿಯ ಹಿಂದೆ ನಿಂತು, ಭೇಷ್ ಅಣ್ಣ ಭೇಷ್ ಅನ್ನುತ್ತಾನೆ, ಅವರು ಎಸೆದದ್ದನ್ನು ಆರಿಸಿಕೊಳ್ಳುತ್ತಾನೆ. ಗಂಜಿ ಅಂಗಡಿಗೆ ಎಳೆದುಕೊಂಡು ಹೋದೆ. ತಲೆ ಎತ್ತದೆ ಉಂಡ. ಪರವಾನಗಿ ಮುಗಿದು ಎಷ್ಟೋ ಕಾಲವಾಗಿದೆ, ಪೊಲೀಸರನ್ನು ಕಂಡರೆ ಕಂಬದ ಮರೆಗೆ ಸರಿಯುತ್ತಾನೆ. ಮನೆಗೆ ಬಾರೋ ಅಂದರೆ, ಮೇಯ್-ಯಾನಳ ಕೆಲಸಕ್ಕೆ ಕುತ್ತು ಬರುತ್ತೆ ದೊಡ್ಡಮ್ಮ ಅಂತ ಮೆಟ್ಟಿಲಿನಿಂದ ಮೇಲೆ ಬರುವುದಿಲ್ಲ. ಅನ್ನದ ಡಬ್ಬಿ ಅಲ್ಲೇ ತೆಗೆದುಕೊಳ್ಳುತ್ತಾನೆ. ಈ ಮೂರು ವಾರ ಅವನ ಹಿಂದೆ ತಿರುಗಿದೆ, ಕಾಗದ ತಡವಾದದ್ದು ಅದಕ್ಕೇ. ಸೋಫಾ, ನಿಟ್ಟುಸಿರು, ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವುದು, ಇವೆಲ್ಲ ನಾನು ಕಂಡುಹಿಡಿದದ್ದಲ್ಲ. ಇಲ್ಲೇ ಮುದುಕಿಯಾದರೂ ನನಗೆ ಅರ್ಧವೂ ಗೊತ್ತಿರಲಿಲ್ಲ. ಕರೆದುಕೊಂಡು ಹೋಗಿ ಒಂದೊಂದಾಗಿ ತೋರಿಸಿದವನು ನಿನ್ನ ಮಗ. ನಾನು ನಗುನಗುತ್ತ ಬರೆದೆ, ಅವನು ಅದರಲ್ಲೇ ಎರಡು ವರ್ಷ ಜೀವ ಹಿಡಿದುಕೊಂಡಿದ್ದಾನೆ. ಬಿಟ್ಟಿ ಬಸ್ಸಿನಲ್ಲಿ ನಿದ್ದೆ, ರುಚಿಗೆ ಕೊಡುವ ಚೂರೇ ಊಟ.

ನೀನು ಬರುತ್ತೀಯ ಅಂದೆ. ಬಟ್ಟಲು ಕೆಳಗಿಟ್ಟ. "ಅಮ್ಮನ್ನ ಕೊಳದ ಕಂಬಿ ಹತ್ತಿರ ನಿಲ್ಲಿಸು ದೊಡ್ಡಮ್ಮ. ಅವಳು ನೀರು ನೋಡ್ತಾ ಇರಲಿ. ನಾನು ಹಿಂದೆ ಜನರ ನಡುವೆ ನಿಂತು ಅವಳನ್ನ ನೋಡಿ ಹೊರಟುಹೋಗ್ತೀನಿ. ಅವಳು ಈ ಮುಖ ನೋಡೋದು ಬೇಡ" ಅಂದ. ಹೇಳಿಬಿಟ್ಟರೆ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ಹೆದರಿಸಿದ. ಕೈಯ ಮೇಲೆ ಕೈ ಇಡಿಸಿಕೊಂಡ. ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟೆ.

ಬಾಯಿ ಬಿಟ್ಟಿಲ್ಲ. ಬರೆದಿದ್ದೇನೆ.

ಆದ್ದರಿಂದ ಕೇಳು. ಹಾಡು ಶುರುವಾದಾಗ ಎಲ್ಲರ ಮುಖವೂ ನೀರಿನ ಕಡೆ ಇರುತ್ತದೆ. ಮೊದಲ ಸಲ ನೀರು ಮೇಲೆ ಎದ್ದ ಕೂಡಲೇ ನೀನು ಹಿಂದಕ್ಕೆ ತಿರುಗು. ಅವನು ಓಡಿದರೆ ಓಡಲಿ, ರಸ್ತೆಯ ಕಡೆ ಫಾಂಗ್ ನಿಂತಿರುತ್ತಾಳೆ, ಅವಳನ್ನು ದಾಟಿ ಹೋದ ಗಂಡಸು ಇನ್ನೂ ಹುಟ್ಟಿಲ್ಲ. ಬೈಯಬೇಡ, ಮಾಳಿಗೆಯ ಸುದ್ದಿ ಎತ್ತಬೇಡ. ಸುಮ್ಮನೆ ಹಿಡಿದುಕೋ. ನೀರು ನೋಡಲಿಲ್ಲವಲ್ಲಾ ಅಂತ ಚಿಂತೆ ಬೇಡ. ಅದು ಸ್ವಲ್ಪ ಹೊತ್ತಿಗೆ ಮತ್ತೆ ಕುಣಿಯುತ್ತದೆ. ಇಬ್ಬರೂ ನಿಂತು ನೋಡಿ.