ಸೋಮವಾರ ಎಣಿಸಿದ ಓದುಗರು

ಮಾನ್ಯ ವಾಚನಾಲಯ ಅಧಿಕಾರಿಗಳೇ,

ಹೆಬ್ಬಾಳದ ನಮ್ಮ ಬಡಾವಣೆಯ ವಾಚನಾಲಯಕ್ಕೆ ಕಳೆದ ತಿಂಗಳು ಬೀಗ ಹಾಕಿಸಿದ್ದೀರಿ. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ‘ಓದುಗರ ಅಭಾವದಿಂದ’ ಎಂದಿದೆ. ಓದುವವರು ಕಡಿಮೆಯಾಗಿರುವುದು ನಿಜ. ಎಂಬತ್ತೈದನೇ ಇಸವಿಯಲ್ಲಿ ಟಿವಿ ಬಂದ ಮೇಲೆ ನಮ್ಮ ಮನೆಯಲ್ಲೇ ಸಂಜೆ ಪುಸ್ತಕ ಹಿಡಿಯುವವನು ನಾನೊಬ್ಬನೇ. ಆದರೆ ಓದುಗರೇ ಇಲ್ಲವೆಂದು ತಮಗೆ ಹೇಳಿದವರು ಯಾರು? ತಮ್ಮವರು ತಪಾಸಣೆಗೆ ಬಂದದ್ದು ಸೋಮವಾರ. ಸೋಮವಾರ ವಾಚನಾಲಯಕ್ಕೆ ವಾರದ ರಜೆ! ರಜೆ ಗೊತ್ತುಮಾಡಿದವರೂ ತಾವೇ. ಇದು ಮರೆವೋ, ಜಾಣತನವೋ? ಚೀಟಿ ಅಂಟಿಸಿದ ಮೂರನೆಯ ದಿನವೇ ಇಬ್ಬರು ಬೀಗ ತೆಗೆದು, ಟೇಪು ಹಿಡಿದು ಕೋಣೆ ಅಳೆದರು. ‘ವಿಡಿಯೊ ಪಾರ್ಲರ್‌ಗೆ ಸಾಕು’ ಎಂದು ಅವರು ಮಾತಾಡಿಕೊಂಡದ್ದನ್ನು ಎದುರು ಮನೆಯ ತುಂಗಾ ಕೇಳಿಸಿಕೊಂಡಿದ್ದಾರೆ. ಅಳೆಯಲು ಕಳಿಸಿದವರು ಯಾರೆಂದು ನಾನು ಕೇಳಬಹುದೇ?

ನಮಗೆ ಹಾಲು ಹಾಕುವ ಮುನಿಯಲ್ಲಮ್ಮ ನಲವತ್ತು ದಾಟಿದ ಮೇಲೆ ವಯಸ್ಕರ ಶಾಲೆಯಲ್ಲಿ ಅಕ್ಷರ ಕಲಿತವರು. ನಾಡಿನ ಹೆಸರಾಂತ ಕಾದಂಬರಿಕಾರರೊಬ್ಬರ ಪುಸ್ತಕಗಳನ್ನೆಲ್ಲ ಎರಡೇ ವರ್ಷಗಳಲ್ಲಿ ಓದಿದ್ದಾರೆ. ಉಳಿದಿರುವುದು ಒಂದು, ಅದು ಬೀಗದೊಳಗಿದೆ. ಅದನ್ನಾದರೂ ಕೊಡಿಸಿ ಎಂದು ಕೇಳಲು ನನ್ನ ಜೊತೆ ತಮ್ಮ ಕಚೇರಿಗೆ ಬಂದರು. ಮೇಜಿನ ಹಿಂದಿದ್ದ ಗುಮಾಸ್ತರಿಗೆ ಆ ಲೇಖಕರ ಹೆಸರು ಹೇಳಿದರು.

“ಯಾರ್ರೀ ಅವ್ರು? ನಿಮ್ ಏರಿಯಾ ಕಾರ್ಪೊರೇಟರಾ?” ಎಂದು ಗುಮಾಸ್ತರು ನನ್ನನ್ನು ಕೇಳಿದರು.

ನನಗೆ ನಗು ಬಂತು. ಮುನಿಯಲ್ಲಮ್ಮ ನಗಲಿಲ್ಲ. “ಪುಸ್ತಕ ಬರ್ಯೋರು ಸಾಮಿ. ನಿಮ್ ತಲೆ ಮ್ಯಾಗಿರೋ ಫೋಟೋ ಅವ್ರದೇಯ.”

ಗುಮಾಸ್ತರು ತಿರುಗಿ ಗೋಡೆ ನೋಡಿದರು. ಇಷ್ಟು ದಿನ ಅದರಡಿಯಲ್ಲೇ ಕುಳಿತಿದ್ದರು. “ಇರ್ಲಿ ಬಿಡಮ್ಮ. ಓದೋರೇ ಇಲ್ಲ ಅಂತ ರಿಪೋರ್ಟ್ ಇದೆ.”

“ಅಂಗಾರೆ ನಾನ್ಯಾರು?”

ಗುಮಾಸ್ತರು ಒಂದು ಬಿಳಿ ಹಾಳೆ ಚಾಚಿದರು. ಅರ್ಜಿ ಕೊಟ್ಟು ಹೋಗಿ ಎಂದರು. ನಾನು ಪೆನ್ನು ತೆಗೆದೆ. ಮುನಿಯಲ್ಲಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆಂಚಿನ ಮೇಲೆ ಕಾಗದವಿಟ್ಟು, ದಪ್ಪ ದಪ್ಪ ಅಕ್ಷರಗಳಲ್ಲಿ ಅರ್ಧ ಗಂಟೆ ತಾವೇ ಬರೆದರು. ಎರಡು ಕಡೆ ಒತ್ತಕ್ಷರ ಬಿಟ್ಟುಹೋಗಿತ್ತು. ಓದಿ ನೋಡಿ ತಾವೇ ತಿದ್ದಿದರು. ಗುಮಾಸ್ತರು ಅದನ್ನು ಮಡಿಸಿ, ಕಣ್ಣೂ ಹಾಯಿಸದೆ, ಕಡತದ ಕೆಳಗೆ ತಳ್ಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಕೇಳಿದರು: “ಐನೋರೇ, ನಾನ್ ಬರ್ದಿದ್ನ ಅವ್ರು ಓದ್ತಾರಾ?”

ಮೂರು ವಾರವಾಯಿತು. ತಾವು ಬೇರೇನನ್ನೂ ಓದಬೇಕಾಗಿಲ್ಲ. ಆ ಒಂದು ಅರ್ಜಿ ಓದಿ, ಬೀಗ ತೆಗೆಸಿ.

ಇಂತಿ,
ಆಕೆಗೆ ‘ಓದ್ತಾರೆ’ ಎಂದು ಹೇಳಿ ಬಂದಿರುವ
ಸೇತುರಾಮ