ಪರದೆಯ ಮೇಲಿನ ಕಸದ ಬುಟ್ಟಿ

ಸ್ಟುಡಿಯೊದ ಹಿಂದಿನ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯ ತಾನೆ? ಎಕ್ಸ್-ರೇ ಕೋಣೆಯಲ್ಲಿ ಆ ಸೀಸದ ಅಂಗಿ ಹಾಕಿಕೊಂಡೇ ಇರು, ಸೆಕೆ ಎಂದು ಬಿಚ್ಚಿಡಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಆದರೆ ಸುಳ್ಳು ಬರೆಯುವ ವಯಸ್ಸಲ್ಲ ನನ್ನದು. ಅಮ್ಮ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಅವತ್ತು ನೀನು ಬಂದೆ, ಅವಳ ಕಾಲ ಬಳಿ ಕೂತೆ, ನನ್ನ ಮುಖ ನೋಡದೆ ಹೊರಟುಹೋದೆ. ತಪ್ಪು ನಿನ್ನದೆಂದು ಹೇಳುತ್ತಿಲ್ಲ.

ಗೋಡೆಗೆ ಹಾಕಲು ಅವಳದೊಂದು ಫೋಟೊ ಬೇಕಾಗಿತ್ತು. ಮೂವತ್ತೊಂದು ವರ್ಷ ಕ್ಯಾಮೆರಾ ಹಿಡಿದು ಕಂಡವರ ಮಕ್ಕಳನ್ನೆಲ್ಲ ನಗಿಸಿದೆ, ಹೆಂಡತಿಯನ್ನು ಒಂದು ದಿನವೂ ಸ್ಟೂಲಿನ ಮೇಲೆ ಕೂರಿಸಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವಳೇ ಅನ್ನುತ್ತಿದ್ದಳಲ್ಲ. ಸಿಕ್ಕಿದ್ದು ಗುರುತಿನ ಚೀಟಿಯದು ಮಾತ್ರ. ದೊಡ್ಡದು ಮಾಡಿದರೆ ಮುಖವೆಲ್ಲ ಚುಕ್ಕಿ ಚುಕ್ಕಿ, ಯಾರೋ ಏನೋ. ಅವಳ ಫೋಟೊ ತೆಗೆದವಳು ನೀನೊಬ್ಬಳೇ. ಕ್ಯಾಮೆರಾ ಕಲಿಯುವಾಗ ನಿನ್ನ ಕೈಗೆ ಸಿಗುತ್ತಿದ್ದವಳು ಅವಳೇ ತಾನೆ. ಅವೆಲ್ಲ ನಿನ್ನ ಹೆಸರಿನ ಫೋಲ್ಡರಿನಲ್ಲಿದ್ದವು.

ಆ ಫೋಲ್ಡರನ್ನು ನಾನು ಏನು ಮಾಡಿದೆನೆಂದು ನಿನಗೆ ಗೊತ್ತು, ನಿನ್ನ ಕಣ್ಣೆದುರಿಗೇ ಮಾಡಿದೆ. ಅಂಗಡಿ ಬಿಟ್ಟು ಆಸ್ಪತ್ರೆ ಕೆಲಸಕ್ಕೆ ಸೇರುತ್ತೇನೆ ಅಂದವಳು ನೀನು. "ಮುಖಾನೇ ಇಲ್ಲದ ಫೋಟೊ ತೆಗೆಯೋಕೆ ಹೋಗ್ತೀಯಾ?" ಅಂದವನು ನಾನು. "ಈ ಅಂಗಡಿ ಇನ್ನೆಷ್ಟು ದಿನ ಅಪ್ಪಾ?" ಅಂದುಬಿಟ್ಟೆಯಲ್ಲ, ಮೈಯೆಲ್ಲ ಉರಿದುಹೋಯಿತು. ಫೋಲ್ಡರನ್ನು ಎಳೆದು ಕಂಪ್ಯೂಟರಿನ ಕಸದ ಬುಟ್ಟಿಗೆ ಹಾಕಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಆಚೆ ವರ್ಷದ ಆ ನವೆಂಬರಿನಲ್ಲೇ ನೀನು ಹೊರಟುಹೋದೆ.

ನಮ್ಮ ಅಂಗಡಿಯಲ್ಲಿ ಆ ಬುಟ್ಟಿ ಬುಟ್ಟಿಯಲ್ಲ, ಬೀರು. ಕೆಲಸ ಮುಗಿದ ಫೋಟೊಗಳನ್ನೆಲ್ಲ ಅಮ್ಮ ಅದರೊಳಗೆ ಹಾಕಿಡುತ್ತಿದ್ದಳು. "ಇನ್ನೆರಡು ಕಾಪಿ ಕೊಡಿ" ಎಂದು ಯಾರಾದರೂ ಬಂದೇ ಬರುತ್ತಾರಲ್ಲ. ವರ್ಷಕ್ಕೊಮ್ಮೆ, ಡಿಸೆಂಬರಿನ ಕೊನೆಗೆ, ಅದನ್ನು ಖಾಲಿ ಮಾಡುವುದು ನನ್ನ ಕೆಲಸ. ನೀನು ಹೋದ ಮರುತಿಂಗಳು ಕೂತು ನೋಡಿದರೆ ಪರದೆಯ ಮೇಲೆ ಬುಟ್ಟಿಯ ಚಿತ್ರವೇ ಇಲ್ಲ. ಎಲ್ಲಿ ಹೋಯಿತು ಎಂದು ಕೇಳಿದರೆ ಅಮ್ಮ, "ಕಂಪ್ಯೂಟರಿಗೂ ವಯಸ್ಸಾಯ್ತು, ನಿಮ್ಮ ಹಾಗೇ" ಎಂದಳು. ಚಿತ್ರ ಹೋದ ಮೇಲೆ ಒಳಗಿದ್ದದ್ದೂ ಹೋಯಿತೆಂದೇ ನಾನು ತಿಳಿದೆ. ಆದರೂ ನಿನ್ನ ಫೋಟೊಗಳ ಸುದ್ದಿ ಎತ್ತಲಿಲ್ಲ, ಎತ್ತಿದರೆ ಸೋತಂತೆ ಅನ್ನಿಸಿತು.

ನಿನ್ನೆ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿಸಿದ. ಪರ್ಸನಲೈಸ್ ಎಂದ, ಥೀಮ್ಸ್ ಎಂದ, ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್ ಎಂದ. ರಿಸೈಕಲ್ ಬಿನ್ ಎದುರಿಗೆ ಒಂದು ಪುಟ್ಟ ಚೌಕ, ಅದಕ್ಕೊಂದು ಟಿಕ್. ಬುಟ್ಟಿ ಬಂದು ಮೂಲೆಯಲ್ಲಿ ಕೂತಿತು. ಒಂದು ನಿಮಿಷದ ಕೆಲಸ, ಗುಬ್ಬಿ! ಒಳಗೆ ನಿನ್ನ ಫೋಲ್ಡರ್ ಇದ್ದ ಹಾಗೇ ಇತ್ತು. ವಾಪಸ್ ತರುವ ರಿಸ್ಟೋರ್ ಒತ್ತಿದೆ. ಇನ್ನೂರ ಹನ್ನೆರಡು ಫೋಟೊ, ಎಲ್ಲದರಲ್ಲೂ ಅವಳು. ಒಂದರಲ್ಲಿ ಕತ್ತರಿ ಹಿಡಿದು ನಿನ್ನನ್ನು ಬೈಯುತ್ತಿದ್ದಾಳೆ, ಇನ್ನೊಂದರಲ್ಲಿ ಕ್ಯಾಲೆಂಡರ್ ಅಡ್ಡ ಹಿಡಿದು ಮುಖ ಮುಚ್ಚಿಕೊಂಡಿದ್ದಾಳೆ. ನಾನು ಅತ್ತುಬಿಟ್ಟೆ. ಪಾಪ, ಅವನು ಗೋಡೆ ನೋಡುತ್ತಾ ನಿಂತಿದ್ದ.

ಇಲ್ಲಿ ಹೇಳುವಂಥದ್ದು ಬೇರೇನಿಲ್ಲ. ಬೆಳಗ್ಗೆಯಿಂದ ಇಬ್ಬರು ಬಂದು ಬಾಗಿಲು ತಟ್ಟಿದರು, ತೆಗೆಯಲಿಲ್ಲ. ನಿನ್ನ ಕೈ ಹಿಡಿದ ಕೆಲಸ ನಿನ್ನನ್ನು ಚೆನ್ನಾಗಿಟ್ಟಿರಲಿ, ಮಗಳೇ. ಇದನ್ನು ಅವತ್ತೇ ಹೇಳಬೇಕಿತ್ತು.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ರಿಪೇರಿಯವನು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ. ಬುಟ್ಟಿ ಅಡಗಿಸುವುದು ಹೇಗೆಂದು ಅವನನ್ನು ಕೇಳಿ ಕಲಿತವಳು ಅಮ್ಮನೇ ಅಂತೆ, ನೀನು ಹೋದ ವಾರವೇ. ಎಲ್ಲಿ ನಾನು ಖಾಲಿ ಮಾಡಿಬಿಡುತ್ತೇನೋ ಎಂದು. "ನೀವೇ ವಾಪಸ್ ತೆಗೆದಿಟ್ಬಿಡಿ ಅಕ್ಕಾ" ಎಂದನಂತೆ. "ಬೇಡಪ್ಪಾ, ಎಸೆದವರೇ ಎತ್ತಲಿ. ಇವತ್ತಲ್ಲ ನಾಳೆ ಕೇಳ್ತಾರೆ" ಎಂದಳಂತೆ. ಹದಿನೈದು ತಿಂಗಳು ಕಾದಳು, ನಾನು ಕೇಳಲಿಲ್ಲ. ಫ್ರೇಮು ಖಾಲಿ ಇದೆ. ಯಾವುದನ್ನು ಹಾಕಬೇಕೋ ನನಗೆ ತಿಳಿಯುತ್ತಿಲ್ಲ. ತಪ್ಪು ನನ್ನದು, ಬಾ.