ಅರ್ಧ ಬಾಟಲಿ ಮಳೆನೀರು

ಮಾರ್ಚ್ ೧೪, ಗುರುವಾರ.

ಆ ಬಾಟಲಿಯದೇ ಕೊರಗು. ಒಣಗುತ್ತಿದ್ದ ಜೌಗುನೆಲವನ್ನು ಉಳಿಸಲು ಕಾಲುವೆಗೆ ಒಡ್ಡು ಕಟ್ಟಿ ಮೂರು ವರ್ಷವಾಯಿತು. ಹೊರಗೆ ಹರಿಯುವ ನೀರು ಇನ್ನೂ ಕಂದು. ಅಂದರೆ ನೆಲದ ಇಂಗಾಲ ಕರಗಿ ಹೋಗುತ್ತಲೇ ಇದೆ. ಅದನ್ನು ಅಳೆಯುವ ನನ್ನ ತಂಗಿಯ ಮಗಳು ಸೋತು ಕೂರಬಾರದೆಂದು, ಪರೀಕ್ಷೆಗೆಂದು ಪ್ರತಿ ಶುಕ್ರವಾರ ಅವಳಿಗೆ ಕಳಿಸುವ ಕಾಲುವೆ ನೀರಿನ ಬಾಟಲಿಗೆ ಈ ಸಲ ಅರ್ಧ ಮಳೆನೀರು ಬೆರೆಸಿ ಕಳಿಸಿದ್ದೆ.

ಇಂದು ಅವಳ ಫೋನು ಬಂತು. "ದೊಡ್ಡಮ್ಮಾ, ಹಾಲಿಗೆ ನೀರು ಬೆರೆಸೋರನ್ನ ಕಂಡಿದ್ದೆ. ನೀರಿಗೇ ನೀರು ಬೆರೆಸೋರು ನೀವೊಬ್ರೇ! ಇಂಗಾಲ ಒಂದೇ ವಾರದಲ್ಲಿ ಅರ್ಧಕ್ಕೆ ಇಳಿಯುತ್ತಾ?"

"ನೀನು ನೊಂದ್ಕೋತೀಯಾ ಅಂತ ಕಣೇ."

"ಹೋದ ತಿಂಗಳು ನಿಜವಾಗ್ಲೂ ಒಂಚೂರು ಇಳಿದಿತ್ತು. ಈ ಸಲವೂ ಇಳಿಯುತ್ತಾ ಅಂತ ಕಾಯ್ತಾ ಇದ್ದೆ."

ನಾಳೆಯ ಬಾಟಲಿಯನ್ನು ತೊಳೆದು ಬೋರಲಿಟ್ಟಿದ್ದೇನೆ. ಅದಕ್ಕೆ ಕಟ್ಟುವ ಚೀಟಿಯನ್ನೂ ಬರೆದಾಯಿತು: ಹೇಗಿದೆಯೋ ಹಾಗೇ ಕಳಿಸಿದ್ದೇನೆ, ಮಗಳೇ.